ಐದು ನಿಮಿಷ ದಾಟಿದರೂ ನಿಲ್ಲದ ಫಿಟ್ಸ್: ನಿಮ್ಮ ಅನುಭವ ಹೇಳಿ

ಕೇಳಿದ್ದು: ಅಪ್ಪನಿಗೆ 62 ವರ್ಷ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿತ್ತು. ಹೋದ ವಾರ ಮೊದಲ ಸಲ ಫಿಟ್ಸ್ ಬಂತು, ನಿಲ್ಲಲೇ ಇಲ್ಲ. ಆಸ್ಪತ್ರೆ ಮುಟ್ಟುವಾಗ ಇಪ್ಪತ್ತು ನಿಮಿಷ ಆಗಿತ್ತು. ಐಸಿಯುನಿಂದ ಈಗ ವಾರ್ಡಿಗೆ ತಂದಿದ್ದಾರೆ. ಇದು ಯಾಕೆ ಬರುತ್ತದೆ? ಮೊದಲಿನ ಹಾಗೆ ಆಗುತ್ತಾರಾ? ಕಂಡವರು ದಯವಿಟ್ಟು ಬರೆಯಿರಿ.

ಒಬ್ಬರು: ನಮ್ಮ ಯಜಮಾನರಿಗೆ ಹದಿನೈದು ವರ್ಷದಿಂದ ಫಿಟ್ಸ್ ಇದೆ. ಮಾತ್ರೆ ತಗೊಂಡರೆ ಆರಾಮಾಗಿರುತ್ತಾರೆ. ಊರ ಜಾತ್ರೆಗೆ ಹೋದಾಗ ಮಾತ್ರೆ ಡಬ್ಬಿ ಮನೆಯಲ್ಲೇ ಉಳಿಯಿತು. ಮೂರು ದಿನ ತಾನೇ ಅಂದುಕೊಂಡೆವು. ಮೂರನೇ ದಿನ ಬೆಳಗ್ಗೆ ಜಗಲಿಯಲ್ಲೇ ಬಿದ್ದರು. ಯಾರೋ ಬೀಗದ ಕೈ ಗೊಂಚಲನ್ನು ಅಂಗೈಗೆ ತುರುಕಿದರು. ಇನ್ನೊಬ್ಬರು ಬಾಯಿಗೆ ಚಮಚ ಇಡಲು ಬಂದರು. ನಾನು ಚಮಚ ಕಿತ್ತುಕೊಂಡು ಅವರನ್ನು ಮಗ್ಗುಲಿಗೆ ಹೊರಳಿಸಿದೆ, ಮಗಳಿಗೆ ಗಡಿಯಾರ ನೋಡು ಅಂದೆ. ಏಳು ಹತ್ತಕ್ಕೆ ಶುರು. ಏಳೂಕಾಲಾದರೂ ಸೆಳೆತ ನಿಲ್ಲಲಿಲ್ಲ, 108ಕ್ಕೆ ಫೋನ್ ಮಾಡಿದೆವು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ನಿಂತಿತು. ಎರಡು ದಿನ ಮಂಪರು, ಆರನೇ ದಿನ ಮನೆಗೆ ಬಂದರು. ಮಾತ್ರೆ ತಪ್ಪಿ ಬಂದದ್ದಾದರೆ ಚೇತರಿಸಿಕೊಳ್ಳುವುದು ಜಾಸ್ತಿ ಎಂದು ಡಾಕ್ಟರ್ ಹೇಳಿದರು. ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಾಂ ಸ್ಪ್ರೇ ಬರೆದುಕೊಟ್ಟರು. ಅದು ಈಗ ಸದಾ ನನ್ನ ಚೀಲದಲ್ಲಿರುತ್ತದೆ.

ಐಸಿಯು ನರ್ಸ್ ಒಬ್ಬರು: ಹೀಗೆ ನಿಲ್ಲದ ಫಿಟ್ಸಿಗೆ ಸ್ಟೇಟಸ್ ಎಪಿಲೆಪ್ಟಿಕಸ್ ಅನ್ನುತ್ತಾರೆ. ತಾನಾಗಿ ನಿಲ್ಲುವ ಫಿಟ್ಸ್ ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ನಿಂತುಬಿಡುತ್ತದೆ. ಐದು ದಾಟಿದರೆ ಔಷಧಿ ಬೇಕೇ ಬೇಕು. ತಡವಾದಷ್ಟೂ ಔಷಧಿಗೆ ಬಗ್ಗುವುದಿಲ್ಲ. ಅರ್ಧ ಗಂಟೆ ದಾಟಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ಅದಕ್ಕೇ ನರ ಸಿಗದಿದ್ದರೆ ಕಾಯದೆ ತೊಡೆಯ ಮಾಂಸಕ್ಕೇ ಮಿಡಜೋಲಾಂ ಕೊಡುತ್ತಾರೆ. ಆಮೇಲೆ ಲೆವೆಟಿರಾಸಿಟಾಂ, ಫಾಸ್‌ಫೆನಿಟಾಯಿನ್, ವಾಲ್ಪ್ರೊಯೇಟ್ ಇವುಗಳಲ್ಲಿ ಒಂದು. 2019ರಲ್ಲಿ ಅಮೆರಿಕದಲ್ಲಿ ಇವು ಮೂರನ್ನೂ ಹೋಲಿಸಿ ನೋಡಿದಾಗ ಯಾವುದನ್ನು ಕೊಟ್ಟರೂ ಸುಮಾರು ಅರ್ಧ ಜನರಿಗೇ ನಿಂತಿತು. ಅದಕ್ಕೂ ನಿಲ್ಲದಿದ್ದರೆ ಅರಿವಳಿಕೆ, ವೆಂಟಿಲೇಟರ್.

ದೊಡ್ಡವರಲ್ಲಿ ನಾವು ಹೆಚ್ಚು ನೋಡುವ ಕಾರಣ ನಿಮ್ಮ ಅಪ್ಪನದ್ದೇ, ಹಳೆಯ ಸ್ಟ್ರೋಕಿನ ಕಲೆ. ಮಾತ್ರೆ ಬಿಟ್ಟವರು, ದಿನಾ ಕುಡಿದು ಒಮ್ಮೆಲೇ ನಿಲ್ಲಿಸಿದವರು, ಮೆದುಳು ಜ್ವರದವರು, ಸಕ್ಕರೆ ಅಥವಾ ಸೋಡಿಯಂ ಇಳಿದವರು, ಮೆದುಳಲ್ಲಿ ಲಾಡಿಹುಳುವಿನ ಗಂಟು ಇರುವವರೂ ಬರುತ್ತಾರೆ. ಗುಣವಾಗುವುದು ಬಹುಪಾಲು ಕಾರಣದ ಮೇಲೆ, ಮತ್ತೆ ವಯಸ್ಸು, ಎಷ್ಟು ಹೊತ್ತು ನಡೆಯಿತು ಎಂಬುದರ ಮೇಲೆ. ಮುಚ್ಚಿಡುವುದಿಲ್ಲ, ದೊಡ್ಡವರಲ್ಲಿ ಐವರಲ್ಲಿ ಒಬ್ಬರಷ್ಟು ಉಳಿಯುವುದಿಲ್ಲ. ನಿಮ್ಮ ತಂದೆ ಆ ಘಟ್ಟ ದಾಟಿ ವಾರ್ಡಿಗೆ ಬಂದಿದ್ದಾರೆ, ಅದು ಸಣ್ಣ ಮಾತಲ್ಲ. ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ, ಆಗಿದೆಯಾ ಕೇಳಿ. ಕೈಕಾಲು ನಿಂತರೂ ಒಳಗೆ ಮೆದುಳಲ್ಲಿ ಫಿಟ್ಸ್ ನಡೆಯುತ್ತಲೇ ಇರಬಹುದು, ಆಗ ರೋಗಿ ಸುಮ್ನೆ ಮಂಕಾಗಿ ಮಲಗಿರುತ್ತಾರೆ.

ಇನ್ನೊಬ್ಬರು: ನನಗೇ ಆಗಿತ್ತು. ಮೂರು ತಿಂಗಳು ಹೆಸರುಗಳೇ ನೆನಪಾಗುತ್ತಿರಲಿಲ್ಲ. ಮನೆಯವರು ಅವಸರ ಮಾಡಲಿಲ್ಲ. ಅಪ್ಪನಿಗೂ ಸಮಯ ಕೊಡಿ.

ಕೇಳಿದವರು: ನರ್ಸ್ ಅಕ್ಕ, ನೀವು ಹೇಳಿದ ಮೇಲೆ ರಿಪೋರ್ಟ್ ತೆಗೆದು ನೋಡಿದೆ. ಸೋಡಿಯಂ 118ಕ್ಕೆ ಇಳಿದಿತ್ತು. ಮೂತ್ರ ಜಾಸ್ತಿ ಹೋಗುವ ಬಿಪಿ ಮಾತ್ರೆ ತಗೊಳ್ಳುತ್ತಿದ್ದರು. ಅದರಿಂದಲೂ ಇಳಿದಿರಬಹುದಾ ಅಂತ ನಾಳೆ ರೌಂಡ್ಸಿಗೆ ಬಂದಾಗ ಕೇಳುತ್ತೇನೆ.