ಬ್ಯಾಂಜೋ ಸಂಜೆಗೆ ಆರು ಮೈಕು ಬೇಡ

ಅಕ್ಕಾ, ನಿಮ್ಮ ಮೆಸೇಜ್ ಕೇಳಿಸ್ಕೊಂಡೆ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಬಾಯಲ್ಲೇ ಹೇಳ್ಬಿಡ್ತೀನಿ. ನೀವು ಕೇಳಿದ್ದು ಇಷ್ಟು: ಇಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ 50 ಜನ ಹಿಡಿಸೋ ಹಾಲು, ಬ್ಯಾಂಜೋ ಮತ್ತು ಪಿಟೀಲಿನ ಜೋಡಿ ಬರ್ತಾರೆ, ಕೊನೇಲಿ ನಮ್ಮ ಹೆಂಗಸರ ತಂಡ ಅವರ ಜೊತೆ ನಾಲ್ಕು ಜನಪದ ಗೀತೆ ಹಾಡುತ್ತೆ. ಆರು ಮೈಕು, ಎರಡು ದೊಡ್ಡ ಸ್ಪೀಕರು ಬಾಡಿಗೆಗೆ ತರೋದಾ ಅಂತ. ಬೇಡ. ಆ ದುಡ್ಡನ್ನ ಕಲಾವಿದರ ಕೈಗೇ ಕೊಡಿ. ಇಂಥ ಕಾರ್ಯಕ್ರಮ ಕೆಡೋದು ಶ್ರುತಿ ಮುಂಚೆ ಮಾತಾಡ್ಕೊಳ್ಳದೇ ಇದ್ದಾಗ. ಅದನ್ನೇ ಮೊದಲು ಹೇಳ್ತೀನಿ.

ಇದು ಊರಿನ ಆರ್ಕೆಸ್ಟ್ರಾದಲ್ಲಿ ಕೀಲಿ ಒತ್ತಿ ಬಾರಿಸೋ ಬ್ಯಾಂಜೋ ಅಲ್ಲ, ಐದು ತಂತಿಯದ್ದು. ಐದನೇ ತಂತಿ ಗಿಡ್ಡ, ಅದರ ಬಿರಡೆ ಐದನೇ ಮೆಟ್ಟಿಲ ಪಕ್ಕದಲ್ಲೇ ಇರುತ್ತೆ. ಸಾಮಾನ್ಯವಾಗಿ ಅವರು ತಂತಿಗಳನ್ನ ಕಟ್ಟೋದು ಓಪನ್ ಜಿ ಅನ್ನೋ ಶ್ರುತಿಗೆ. ನಮ್ಮ ಲೆಕ್ಕದಲ್ಲಿ ಬಿಳಿ 5, ಅಂದ್ರೆ ಹಾರ್ಮೋನಿಯಂನ ಐದನೇ ಬಿಳಿ ಮನೆ, ಷಡ್ಜ ಅಂತ ಇಟ್ಕೊಳ್ಳಿ, ಆಗ ಗಿಡ್ಡ ತಂತಿ ಮೇಲಿನ ಸ, ಉಳಿದ ನಾಲ್ಕು ಕೆಳಗಿನ ಪ, ಸ, ಗ, ಪ. ಸ ಮತ್ತು ಪ ತಂಬೂರಿ ಥರ ಮೀಟ್ತಾ ಇರುತ್ತೆ, ಅದರಿಂದ ಏನೂ ತೊಂದ್ರೆ ಇಲ್ಲ. ತೊಂದ್ರೆ ಇರೋದು ಎರಡನೇ ತಂತೀಲಿ. ಅಲ್ಲಿ ಅಂತರ ಗಾಂಧಾರ, ಅಂದ್ರೆ ಮೇಲಿನ ಗ, ಖಾಲಿ ತಂತೀಲೇ ಕೂತಿರುತ್ತೆ. ನಮ್ಮ ಹಾಡಲ್ಲಿ ಅದಕ್ಕಿಂತ ಅರ್ಧ ಸ್ವರ ಕೆಳಗಿನ ಸಾಧಾರಣ ಗಾಂಧಾರ ಇದ್ರೆ, ತತ್ವಪದಗಳಲ್ಲಿ ಇದು ಬೇಕಾದಷ್ಟು ಸಿಗುತ್ತೆ, ಹಾಡೋರು ಒಂದು ಗಾಂಧಾರ, ವಾದ್ಯ ಇನ್ನೊಂದು. ಕೇಳೋರಿಗೆ ಯಾರೋ ಅಪಶ್ರುತಿ ಅನ್ಸುತ್ತೆ, ತಪ್ಪು ಯಾರದ್ದು ಅಂತ ಗೊತ್ತಾಗಲ್ಲ. ಪಾಪ, ಬೈಸ್ಕೊಳ್ಳೋದು ಹಾಡೋರೇ.

ಪರಿಹಾರ ಸುಲಭ. ಎರಡನೇ ತಂತಿಯನ್ನ ಅರ್ಧ ಸ್ವರ ಇಳಿಸಿದ್ರೆ ಸಾಧಾರಣ ಗಾಂಧಾರ ಸಿಗುತ್ತೆ, ಅರ್ಧ ಸ್ವರ ಏರಿಸಿದ್ರೆ ಶುದ್ಧ ಮಧ್ಯಮ. ಈ ಏರಿಸಿದ್ದಕ್ಕೆ ಅವರ ಕಡೆ ಸಾಮಿಲ್ ಅಂತಾರೆ, ಅಪಲೇಚಿಯನ್ ಬೆಟ್ಟದ ಸೀಮೆಯ ಹಳೇ ಹಾಡುಗಳಲ್ಲಿ ತುಂಬಾ ಬಳಕೆ. ಇದರಲ್ಲಿ ಗಾಂಧಾರಾನೇ ಇಲ್ಲದ್ದರಿಂದ ನಮ್ಮ ಪದಗಳಿಗೆ ಇದೇ ಹೆಚ್ಚು ಒಗ್ಗುತ್ತೆ ಅಂತ ನನ್ನ ಅಭಿಪ್ರಾಯ. ಹಾಗಂತ ನಾಲ್ಕು ಹಾಡಿಗೆ ನಾಲ್ಕು ಥರ ಶ್ರುತಿ ಮಾಡಿಸ್ಬೇಡಿ. ಪ್ರತೀ ಸಲ ಒಂದೆರಡು ನಿಮಿಷ ಹೋಗುತ್ತೆ, ತಿರುಗಿಸಿದ ತಂತಿ ಮೊದಲ ಚರಣದಲ್ಲೇ ಜಾರುತ್ತೆ. ಒಂದೇ ಕಟ್ಟಿನ ಹಾಡುಗಳನ್ನ ಒಟ್ಟಿಗೆ ಇಡಿ.

ಇನ್ನು ಶ್ರುತಿ ಎಷ್ಟು ಅನ್ನೋದು. ನಮ್ಮ ಹೆಂಗಸರು ಕಪ್ಪು 4, ಬಿಳಿ 6, ಕಪ್ಪು 5 ಇದರಲ್ಲೇ ಹಾಡೋದು ಅಲ್ವಾ? ಕಪ್ಪು 4 ಆದ್ರೆ ಅವರು ಒಂದನೇ ಮೆಟ್ಟಿಲಿಗೆ ಕೇಪೋ, ಅಂದ್ರೆ ಉದ್ದ ತಂತಿಗಳನ್ನ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್ಪು, ಹಾಕಿ ಗಿಡ್ಡ ತಂತೀನ ಬಿರಡೆಯಲ್ಲೇ ಅರ್ಧ ಸ್ವರ ಏರಿಸ್ಕೋತಾರೆ. ಬಿಳಿ 6 ಆದ್ರೆ ಎರಡಕ್ಕೆ ಕೇಪೋ, ಗಿಡ್ಡ ತಂತಿ ಏಳನೇ ಮೆಟ್ಟಿಲ ಸಣ್ಣ ಮೊಳೆ ಕೆಳಗೆ. ಕಪ್ಪು 5ಕ್ಕೆ ಮೂರು ಮತ್ತು ಎಂಟು. ಎಲ್ಲ ಬ್ಯಾಂಜೋದಲ್ಲೂ ಏಳಕ್ಕೆ, ಎಂಟಕ್ಕೆ ಮೊಳೆ ಇರಲ್ಲ, ಇದನ್ನ ಕೇಳೇ ಖಚಿತ ಮಾಡ್ಕೊಳ್ಳಿ. ಮೊಳೆ ಇಲ್ದೆ ಬಿರಡೇಲೇ ಒಂದೂವರೆ ಸ್ವರ ಏರಿಸೋಕೆ ಹೋದ್ರೆ ಆ ತಂತಿ ಪಟ್ ಅಂತ ಕಿತ್ತೋಗಬಹುದು. ಭಾವನವರು ಹಾಡೋದಾದ್ರೆ ಬಿಳಿ 2, ಅದಕ್ಕೆ ಡಬಲ್ ಸಿ ಅನ್ನೋ ಕಟ್ಟು, ಎರಡಕ್ಕೆ ಕೇಪೋ. ಅದರಲ್ಲಿ ಸ, ಪ, ಜೊತೆಗೆ ಒಂದು ರಿ, ಅಷ್ಟೇ. ನಮ್ಮ ಶ್ರುತಿ ಪೆಟ್ಟಿಗೇನ ಅವರ ಎ ಸ್ವರದ ಅಳತೆ 440 ಹರ್ಟ್ಸ್‌ಗೆ ಸರಿ ಮಾಡಿಟ್ಕೊಳ್ಳಿ. ಗುಂಡಿ ತಿರುಗಿಸಿ ಕಿವಿಗೆ ಹಿತ ಅನ್ಸಿದಲ್ಲಿ ಬಿಡೋದು ಅಭ್ಯಾಸ ನಮಗೆ, ಮೆಟ್ಟಿಲಿರೋ ವಾದ್ಯದ ಜೊತೆ ಅದು ನಡೆಯಲ್ಲ.

ತಾಳ. ಬ್ಲೂಗ್ರಾಸ್ ಅನ್ನೋ ಅಮೆರಿಕದ ವೇಗದ ಹಳ್ಳಿ ಸಂಗೀತದೋರು ಮೂರು ಬೆರಳಿಗೆ ನಖಿ ಹಾಕಿ ಬಾರಿಸ್ತಾರೆ, ಎಂಟು ಮಾತ್ರೆಯನ್ನ 3, 3, 2 ಅಂತ ಒಡೆದು ಉರುಳಿಸ್ತಾರೆ. ಕೋಲಾಟದ ಚತುರಶ್ರ, ಅಂದ್ರೆ ನಾಲ್ಕೆಣಿಕೆಯ, ಪದಕ್ಕೆ ಬೆಣ್ಣೆ ಹಾಗೆ ಕೂರುತ್ತೆ. ಆದ್ರೆ ದಾದ್ರಾ ನಡೆಯ ಪದಕ್ಕೆ ಅದು ಕೂರಲ್ಲ, ಆರು ಮಾತ್ರೆಗೆ ಕೈ ಬದಲಾಯಿಸ್ಬೇಕು. ವೇದಿಕೆ ಮೇಲೆ ಹೇಳಿದ್ರೆ ತಡ ಆಯ್ತು. ಪ್ರತೀ ಹಾಡಿನ ಒಂದು ಚರಣ ಚಪ್ಪಾಳೆ ಹಾಕ್ಕೊಂಡು ಹಾಡಿ ಫೋನಲ್ಲಿ ರೆಕಾರ್ಡ್ ಮಾಡಿ ಒಂದು ವಾರ ಮುಂಚೆ ಕಳಿಸಿ, ಶ್ರುತಿ ಎಷ್ಟು ಅಂತ ಜೊತೆಗೆ ಬರೆದು. ನೊಟೇಶನ್ ಎಲ್ಲ ಬೇಡ, ಈ ಜಾನಪದದೋರು ಕಿವೀಲೇ ಕಲಿಯೋರು. ಮತ್ತೆ, ಹಾಡೋವಾಗ ಹಳೇ ಕ್ಲಾಹ್ಯಾಮರ್ ಶೈಲೀಲಿ, ಉಗುರಿನ ಹಿಂಬದಿಯಿಂದ ಹೊಡೆದು ಹೆಬ್ಬೆರಳು ಗಿಡ್ಡ ತಂತಿಗೆ ಬೀಳಿಸ್ತಾರಲ್ಲ, ಹಾಗೆ ವಿರಳವಾಗಿ ಬಾರಿಸಿ ಅನ್ನಿ. ತ್ರಿಪದಿ ಮಧ್ಯದ ಜಾಗದಲ್ಲಿ ಬೇಕಾದ್ರೆ ಬೆರಳಾಟ ತೋರಿಸ್ಲಿ. ಬ್ಯಾಂಜೋ ನಾದ ಕ್ಷಣದಲ್ಲೇ ಸತ್ತೋಗುತ್ತೆ, ಅದಕ್ಕೇ ಎಳೆದು ಹಾಡೋ ವಿಳಂಬದ ಸೋಬಾನೆಗೆ ಪಿಟೀಲೇ ಸಾಕು.

ಡೊಳ್ಳು, ತಮಟೆ ಬೇಡವೇ ಬೇಡ. 50 ಜನರ ಹಾಲಲ್ಲಿ ಬೇರೆ ಏನೂ ಕೇಳ್ಸಲ್ಲ. ದಮ್ಮಡಿ, ತಾಳ ಸಾಕು.

ಈಗ ಮೈಕು. ದೊಡ್ಡ ಡಯಾಫ್ರಂ (ಶಬ್ದ ಹಿಡಿಯೋ ಪೊರೆ) ಇರೋ ಕಂಡೆನ್ಸರ್ ಮೈಕು ಒಂದು, ಎದೆಯಿಂದ ಗಲ್ಲದ ಎತ್ತರದಲ್ಲಿ, ಜೋಡಿ ಇಬ್ಬರೂ ಅದರ ಸುತ್ತ. ಯಾರ ಸರದಿಯೋ ಅವರು ಒಂದು ಹೆಜ್ಜೆ ಮುಂದೆ, ಮುಗಿದ್ರೆ ಹಿಂದೆ. ಅದಕ್ಕೆ ಮಿಕ್ಸರಲ್ಲಿ 48 ವೋಲ್ಟ್ ಗುಂಡಿ ಒತ್ತಿರ್ಬೇಕು, ಇಲ್ದಿದ್ರೆ ಶಬ್ದಾನೇ ಬರಲ್ಲ. ಎಷ್ಟೋ ಕಡೆ ಅರ್ಧ ಗಂಟೆ ವೈರು ಬದಲಾಯಿಸಿ ಬದಲಾಯಿಸಿ ಕೊನೇಗೆ ಇದೇ ಆಗಿರುತ್ತೆ. ಸ್ಪೀಕರು ಮೈಕಿಗಿಂತ ಮುಂದೆ, ಜನರ ಕಡೆಗೆ ಮುಖ. ಬಾರಿಸೋರ ಕಡೆ ಮುಖ ಮಾಡೋ ಮಾನಿಟರ್ ಸ್ಪೀಕರು ಇಡ್ಬೇಡಿ. ಬ್ಯಾಂಜೋ ಮುಖ ಅಂದ್ರೆ 11 ಇಂಚಿನ ಒಂದು ಢಕ್ಕೆ, ಸ್ಪೀಕರ್ ಶಬ್ದ ಅದಕ್ಕೆ ಬಡಿದ್ರೆ ಅದೂ ಅದುರಿ ಮೈಕಿಗೆ ವಾಪಸ್ ಕೊಡುತ್ತೆ, ಕುಯ್ ಅಂತ ಕೂಗೋದು ಅದಕ್ಕೇ. ಮೊದಲೇ ನಿಧಾನಕ್ಕೆ ಏರಿಸ್ತಾ ಹೋಗಿ, ಎಲ್ಲಿ ಕೂಗುತ್ತೋ ಅಲ್ಲಿಂದ 6 ಡೆಸಿಬೆಲ್ ಇಳಿಸಿ ಬಿಟ್ಬಿಡಿ.

ಕಂಡೆನ್ಸರ್ ಸಿಗ್ಲಿಲ್ಲ ಅಂದ್ರೆ ಶ್ಯೂರ್ ಎಸ್‌ಎಂ57 ಮೈಕು ಒಂದು, ಬ್ಯಾಂಜೋದಿಂದ 8 ಇಂಚು ದೂರ, ಕತ್ತು ಮುಖಕ್ಕೆ ಸೇರೋ ಜಾಗದ ಕಡೆ ತಿರುಗಿಸಿ. ತಂತಿ ಹೊತ್ತಿರೋ ಮರದ ತುಂಡು, ಅಂದ್ರೆ ಕುದುರೆ, ಅದರ ಎದುರಿಗೆ ಇಟ್ರೆ ನಖಿಯ ಟಕಟಕಾನೇ ಜಾಸ್ತಿ. ಕೆಳಗಿನ ಗುಡುಗುಡು ಶಬ್ದ ಕತ್ತರಿಸೋ ಲೋ ಕಟ್ 100 ಹರ್ಟ್ಸ್‌ಗೆ ಹಾಕ್ಬಹುದು, ಓಪನ್ ಜಿಯ ಕೆಳಗಿನ ತಂತಿ 147, ಏನೂ ಹೋಗಲ್ಲ. ಕಿವಿಗೆ ಚುಚ್ಚಿದ್ರೆ 2ರಿಂದ 3 ಕಿಲೋಹರ್ಟ್ಸ್ ಹತ್ರ ಸ್ವಲ್ಪ ಇಳಿಸಿ. ನಮ್ಮ ತಂಡದ ಐದು ಜನಕ್ಕೆ ಒಂದೇ ಮೈಕು, ಅರ್ಧ ಚಂದ್ರಾಕಾರ, ಎರಡಡಿ ದೂರ, ಮುಂದಾಳು ಅರ್ಧ ಹೆಜ್ಜೆ ಮುಂದೆ. ಶ್ರುತಿ ಪೆಟ್ಟಿಗೆ ಅವರ ಹಿಂದೆ.

ಹಾಲಿನ ಆ ಗಾಜಿನ ಗೋಡೆಗೆ ಬೆನ್ನು ಹಾಕಿ ಕಲಾವಿದರನ್ನ ನಿಲ್ಲಿಸ್ಬೇಡಿ, ಶಬ್ದ ಕರ್ಕಶ ಆಗುತ್ತೆ. ಬೇರೆ ಜಾಗ ಇಲ್ಲಾಂದ್ರೆ ಎರಡು ಕಂಬಳಿ ನೇತುಹಾಕಿ. ಎಸಿ ಗಾಳಿ ನೇರ ವಾದ್ಯಕ್ಕೆ ಹೊಡೀಬಾರ್ದು. ವಾದ್ಯ ಅರ್ಧ ಮುಕ್ಕಾಲು ಗಂಟೆ ಮುಂಚೇನೇ ಪೆಟ್ಟಿಗೆಯಿಂದ ಹೊರಗೆ ಬಂದು ಆ ಹಾಲಿನ ಗಾಳಿಗೆ ಹೊಂದ್ಕೋಬೇಕು. ಜನ ತುಂಬಿ ಬಿಸಿಯಾದ್ರೆ ತಂತಿ ಇಳಿಯುತ್ತೆ, ಮತ್ತೆ ಶ್ರುತಿ ಮಾಡ್ತಾರೆ, ಆಗ ಯಾರೂ ಚಪ್ಪಾಳೆ ತಟ್ಟಿ ಅವಸರ ಮಾಡ್ಬೇಡಿ. ಈಗಿನ ಬ್ಯಾಂಜೋಗಳಿಗೆ ಹೆಚ್ಚಾಗಿ ಪ್ಲಾಸ್ಟಿಕ್ ಮುಖ. ಹಳೇ ಚರ್ಮದ್ದಾದ್ರೆ ಮಳೆ ಬಂದ ಸಂಜೆ ತಮಟೆ ಥರಾನೇ ಸಡಿಲ ಆಗುತ್ತೆ, ಅವರೇ ಸುತ್ತಲಿನ ತಿರುಪು ಬಿಗಿ ಮಾಡ್ಕೋತಾರೆ. ಮಕ್ಕಳನ್ನ ವಾದ್ಯದ ಹತ್ರ ಬಿಡ್ಬೇಡಿ. ಕುದುರೇನ ಅಂಟಿಸಿರಲ್ಲ, ತಂತಿ ಒತ್ತಡಕ್ಕೇ ನಿಂತಿರುತ್ತೆ, ಒಂದು ಚೂರು ಸರಿದ್ರೂ ಮೇಲಿನ ಮೆಟ್ಟಿಲುಗಳೆಲ್ಲ ಅಪಶ್ರುತಿ.

ನಿರೂಪಣೆ ಮಾಡೋರಿಗೆ ಒಂದು ಮಾತು. ಬ್ಯಾಂಜೋ ಅಮೆರಿಕದ ಬಿಳಿಯರ ಹಳ್ಳಿ ವಾದ್ಯ ಅಂತ ಪರಿಚಯ ಮಾಡ್ಬೇಡಿ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದೋರು ಸೋರೆ ಬುರುಡೆಗೆ ಚರ್ಮ ಬಿಗಿದು ಕಟ್ಟಿದ ವಾದ್ಯ ಅದರ ಮೂಲ. ನಮ್ಮ ರಾಜ್ಯದ ಬೂನ್‌ನಲ್ಲೇ 2005ರಲ್ಲಿ ಕಪ್ಪು ಬ್ಯಾಂಜೋ ವಾದಕರ ಸಮಾವೇಶ ಆಯ್ತು. ಅಲ್ಲಿ ಪರಿಚಯ ಆದ ಯುವ ಕಲಾವಿದರು ನಮ್ಮ ರಾಜ್ಯದ್ದೇ ಮೆಬೇನ್ ಊರಿನ ಹಿರಿಯ ಪಿಟೀಲು ವಾದಕ ಜೋ ಥಾಂಪ್ಸನ್ ಹತ್ರ ಕಲಿತು ಕ್ಯಾರೊಲಿನಾ ಚಾಕಲೇಟ್ ಡ್ರಾಪ್ಸ್ ಅನ್ನೋ ತಂಡ ಕಟ್ಟಿದ್ರು. ಮೂರು ಬೆರಳ ಶೈಲಿಗೆ ಹೆಸರು ತಂದ ಅರ್ಲ್ ಸ್ಕ್ರಗ್ಸ್ ಕೂಡ ಇದೇ ರಾಜ್ಯದ ಕ್ಲೀವ್‌ಲೆಂಡ್ ಕೌಂಟಿಯೋರು. ಇಷ್ಟು ಸಾಕು, ಭಾಷಣ ಬೇಡ.

45 ನಿಮಿಷ ಅವರದ್ದು, 20 ನಿಮಿಷ ಕಾಫಿ, ಆಮೇಲೆ ಅರ್ಧ ಗಂಟೆ ಅವರು, ಕೊನೇಲಿ ನಮ್ಮವರು. ಚುರುಮುರಿ ಬಿಡುವಲ್ಲಿ ಮಾತ್ರ ಕೊಡಿ, ಕಾಗದದ ಪೊಟ್ಟಣದ ಸದ್ದು ಕಂಡೆನ್ಸರಿಗೆ ಚೆನ್ನಾಗೇ ಕೇಳ್ಸುತ್ತೆ. ಹಾಡೋರು ಇವತ್ತೇ ತಮ್ಮ ತಮ್ಮ ಶ್ರುತಿ ಗ್ರೂಪಲ್ಲಿ ಹಾಕ್ಬಿಡಿ, ಮೊಳೆ ಇದೆಯಾ ಅಂತ ಬ್ಯಾಂಜೋದೋರನ್ನ ನಾನು ಕೇಳಿ ಹೇಳ್ತೀನಿ.