‘ಮುಂಗಡ ಖರೀದಿ ಆದೇಶ’: ಟೆಲಿಕಾಂ ಸುದ್ದಿಯಲ್ಲಿ ಈ ಪದ ಸರಿಯೇ?

ಎಲ್ಲರಿಗೂ ನಮಸ್ಕಾರ.

ಟೆಲಿಕಾಂ ಉಪಕರಣಗಳ ವ್ಯವಹಾರವನ್ನು ಕನ್ನಡದಲ್ಲಿ ಬರೆಯುವಾಗ ಎದುರಾಗುವ ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿದೆ. ಬಿಎಸ್‌ಎನ್‌ಎಲ್ ಸಲಕರಣೆ ಕೊಳ್ಳುವ ಮೊದಲು ಕಂಪನಿಗೆ ‘ಅಡ್ವಾನ್ಸ್ ಪರ್ಚೇಸ್ ಆರ್ಡರ್’ ಕೊಡುತ್ತದೆ. ಇದನ್ನು ‘ಮುಂಗಡ ಖರೀದಿ ಆದೇಶ’ ಎಂದರೆ ಪದಕ್ಕೆ ಪದ ಹೊಂದುತ್ತದೆ, ನಿಜ. ಆದರೆ ಮುಂಗಡ ಅಂದ ಕೂಡಲೇ ನಮಗೆ ಹೊಳೆಯುವುದು ದುಡ್ಡು, ಅಲ್ವಾ? ಮುಂಗಡ ಬಂತು ಅಂದರೆ ಹಣ ಕೈ ಸೇರಿತು, ವ್ಯಾಪಾರ ಕುದುರಿತು ಎಂದೇ ಓದುಗರು ತಿಳಿಯುತ್ತಾರೆ.

ಇಲ್ಲಿ ಒಂದು ಪೈಸೆಯೂ ಬಂದಿರುವುದಿಲ್ಲ. ‘ನಿಮ್ಮಿಂದ ಕೊಳ್ಳುತ್ತೇವೆ, ಷರತ್ತು ಒಪ್ಪಿ ಬ್ಯಾಂಕ್ ಗ್ಯಾರಂಟಿ ಕೊಡಿ’ ಎಂದು ಕೊಳ್ಳುವವರು ತಿಳಿಸುವ ಪತ್ರ ಅದು. ಮೊದಲು ಗ್ಯಾರಂಟಿ, ಅಂದರೆ ಮಾತು ತಪ್ಪಿದರೆ ಬ್ಯಾಂಕ್ ಹಣ ಕೊಡುತ್ತದೆ ಎಂಬ ಭರವಸೆ, ಕೊಡಬೇಕಾದವರು ಮಾರುವವರು. ಅಸಲಿ ಖರೀದಿ ಆದೇಶ ಬರುವುದು ಅದಾದ ಮೇಲೆ.

ಈ ವ್ಯತ್ಯಾಸ ಷೇರು ಇಟ್ಟುಕೊಂಡವರಿಗೆ ಎಷ್ಟು ಮುಖ್ಯ ಅನ್ನುವುದಕ್ಕೆ ಟೆಲಿಕಾಂ ಉಪಕರಣ ತಯಾರಿಸುವ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಉದಾಹರಣೆ ನೋಡಿ. 2025ರ ಮೇ ತಿಂಗಳಲ್ಲಿ 18,685 ಕಡೆ 4ಜಿ ಜಾಲ ಹಾಕಲು ಟಿಸಿಎಸ್‌ಗೆ ಬಿಎಸ್‌ಎನ್‌ಎಲ್‌ನಿಂದ ಇಂಥದ್ದೇ ಪತ್ರ ಬಂತು. ಮೊತ್ತ ಸುಮಾರು 2,903 ಕೋಟಿ ರೂಪಾಯಿ. ಅದರಲ್ಲಿ ಉಪಕರಣ ಪೂರೈಸುವ ತೇಜಸ್ ಪಾಲು ಸುಮಾರು 1,526 ಕೋಟಿ. ಆದರೆ ಖರೀದಿ ಆದೇಶ ತಡವಾಯಿತು. ಏಪ್ರಿಲ್‌ನಿಂದ ಜೂನ್‌ವರೆಗಿನ ಫಲಿತಾಂಶ ಬಂದಾಗ ತೇಜಸ್‌ನ ವರಮಾನ ಬರೀ 202 ಕೋಟಿ, ನಷ್ಟ 194 ಕೋಟಿ. ಹಿಂದಿನ ವರ್ಷ ಇದೇ ಮೂರು ತಿಂಗಳಲ್ಲಿ ವರಮಾನ 1,563 ಕೋಟಿ ಇತ್ತು. ಷೇರು ಜಾರಿತು. ‘ಮುಂಗಡ’ ಅಂತ ಓದಿ ಹಣ ಬಂದೇಬಿಟ್ಟಿದೆ ಎಂದುಕೊಂಡವರಿಗೆ ಈ ಲೆಕ್ಕ ಅರ್ಥವಾಗುವುದಾದರೂ ಹೇಗೆ?

ಹಾಗಂತ ಎಲ್ಲ ಪತ್ರವೂ ಟೊಳ್ಳು ಅಂತಲ್ಲ. 2023ರ ಮೇನಲ್ಲಿ ಟಿಸಿಎಸ್ ಕೂಟಕ್ಕೆ ಬಿಎಸ್‌ಎನ್‌ಎಲ್ ಕೊಟ್ಟಿದ್ದೂ ಇದೇ ಬಗೆಯ ಪತ್ರ, 15,000 ಕೋಟಿಗೂ ಜಾಸ್ತಿ ಮೊತ್ತದ್ದು. ಅದೇ ವರ್ಷ ಆಗಸ್ಟ್‌ನಲ್ಲಿ ತೇಜಸ್‌ಗೆ ಟಿಸಿಎಸ್‌ನಿಂದ 7,492 ಕೋಟಿಯ ಕಾಂಟ್ರಾಕ್ಟ್ ಸಿಕ್ಕಿತು. ಮೊದಲನೆಯದು ಮಾತು ಕೊಟ್ಟ ಹಂತ, ಎರಡನೆಯದು ಕಟ್ಟುಬಿದ್ದ ಹಂತ. ಎರಡಕ್ಕೂ ಸುಮ್ನೆ ‘ಒಪ್ಪಂದ’ ಎಂದು ಬರೆದುಬಿಟ್ಟರೆ ಹಂತವೇ ಮಾಯವಾಗುತ್ತದೆ. ಕಟ್ಟುಬಿದ್ದದ್ದಕ್ಕೆ ‘ಕರಾರು’ ಎಂಬ ಗಟ್ಟಿ ಪದ ನಮ್ಮಲ್ಲಿದೆ. ಬಾಡಿಗೆ ಕರಾರು ಎನ್ನುವಾಗ ಯಾರಿಗೂ ಗೊಂದಲವಿಲ್ಲ. ಕಂಪನಿಗಳ ಸುದ್ದಿಯಲ್ಲೂ ಅದನ್ನು ಬಳಸಬಹುದು. ‘ಗುತ್ತಿಗೆ’ ನನಗೆ ಅಷ್ಟು ಹಿಡಿಸುವುದಿಲ್ಲ. ಅದು ಕೆಲಸ ಮಾಡಿಸುವುದಕ್ಕೆ ಸರಿ, ಸರಕು ಪೂರೈಕೆಗೆ ಅಷ್ಟಾಗಿ ಒಗ್ಗುವುದಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ತೊಡಕು ‘ಗೆ’ ಪ್ರತ್ಯಯದ್ದು. 2024ರ ಸೆಪ್ಟೆಂಬರ್‌ನಲ್ಲಿ ವೊಡಾಫೋನ್ ಐಡಿಯಾ ಕಂಪನಿಯು ಜಾಲದ ಉಪಕರಣ ಮಾರುವ ನೋಕಿಯಾ, ಎರಿಕ್ಸನ್, ಸ್ಯಾಮ್‌ಸಂಗ್ ಜೊತೆ ಮೂರು ವರ್ಷಗಳ, ಸುಮಾರು 30,000 ಕೋಟಿ ರೂಪಾಯಿಯ ವ್ಯವಹಾರ ಪ್ರಕಟಿಸಿತು. ‘ವೊಡಾಫೋನ್ ಐಡಿಯಾಗೆ 30,000 ಕೋಟಿ ಒಪ್ಪಂದ’ ಎಂದು ಬರೆದರೆ ಹಣ ಅದಕ್ಕೇ ಬರುತ್ತದೆ ಎನ್ನಿಸುತ್ತದೆ. ನಿಜವಾಗಿ ಅದು ಆ ಕಂಪನಿಯ ಖರ್ಚು, ಉಳಿದ ಮೂವರ ವರಮಾನ. ‘ವೊಡಾಫೋನ್ ಐಡಿಯಾದಿಂದ 30,000 ಕೋಟಿಯ ಖರೀದಿ’ ಎಂದರೆ ಅನುಮಾನವೇ ಉಳಿಯುವುದಿಲ್ಲ. ಒಂದು ವಿಭಕ್ತಿ ಬದಲಾದರೆ ದುಡ್ಡಿನ ದಿಕ್ಕೇ ಬದಲಾಗುತ್ತದೆ.

‘ಬಹುದು’ ಬಿಟ್ಟುಹೋಗುವುದೂ ಹೀಗೇ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಲಿಕಾಂ ಕಂಪನಿ ಎಟಿ ಆ್ಯಂಡ್ ಟಿ, ಎರಿಕ್ಸನ್ ಜೊತೆ ಕೈಜೋಡಿಸಿದಾಗ ಹೇಳಿದ್ದು ಐದು ವರ್ಷಗಳಲ್ಲಿ ಖರ್ಚು 14 ಬಿಲಿಯನ್ ಡಾಲರ್ ಹತ್ತಿರ ಹೋಗಬಹುದು ಅಂತ. ಅವಕಾಶ ಕಳೆದುಕೊಂಡ ನೋಕಿಯಾದ ಷೇರು ಮರುದಿನವೇ ಬಿತ್ತು. ‘14 ಬಿಲಿಯನ್ ಡಾಲರ್ ಒಪ್ಪಂದ’ ಎಂದು ಮೊಟಕು ಮಾಡಿದರೆ ಆ ‘ಬಹುದು’ ಎಲ್ಲಿ ಹೋಯಿತು?

ಮತ್ತೆ ಮೊದಲ ಪ್ರಶ್ನೆಗೆ ಬರುತ್ತೇನೆ. ‘ಪೂರ್ವ ಖರೀದಿ ಆದೇಶ’ ಎಂದರೆ ದಿಕ್ಕಿನ ಗೊಂದಲ, ಪೂರ್ವ ಎಂದರೆ ಮೂಡಣವೂ ಹೌದಲ್ಲ. ‘ಖರೀದಿ ಇರಾದೆ ಪತ್ರ’ ನನಗೆ ಹತ್ತಿರ ಎನ್ನಿಸುತ್ತದೆ. ಇರಾದೆ ಎಂದರೆ ಮನಸ್ಸಿನಲ್ಲಿರುವುದು, ಇನ್ನೂ ಕೈಗೆ ಬಂದಿಲ್ಲದ್ದು. ಆದರೆ ಕಂಪನಿಯ ಪ್ರಕಟಣೆಯಲ್ಲಿ ‘ಆರ್ಡರ್’ ಎಂದೇ ಇರುವಾಗ ನಾವು ‘ಪತ್ರ’ ಎಂದು ಇಳಿಸಿ ಬರೆಯಬಹುದೇ? ಸರ್ಕಾರಿ ಟೆಂಡರ್ ಕಡತಗಳಲ್ಲಿ ಕೆಲಸ ಮಾಡಿದವರು, ಅಲ್ಲಿ ಕನ್ನಡದಲ್ಲಿ ಇದಕ್ಕೆ ಏನು ಬರೆಯುತ್ತಿದ್ದಿರಿ ಎಂದು ತಿಳಿಸಿ.