ಸ್ವಂತ ಮಾಡಿದ ಗಿಟಾರ್: 12ನೇ ಫ್ರೆಟ್‌ನಾಗ ಸ್ವರ ಏರ್ತದ, ಫ್ರೆಟ್ ತುದಿ ಚುಚ್ಚತಾವ

ಪ್ರಶ್ನೆ, ಕಲಬುರಗಿ:
ಸ್ಕೇಲ್ (ತಂತಿ ಉದ್ದದ ಲೆಕ್ಕ) 25.5 ಇಂಚು, ಅಂದ್ರ 648 ಮಿ.ಮೀ. ಬಾಡಿ ಸಾಗವಾನಿ, ಫಿಂಗರ್‌ಬೋರ್ಡ್ ಬೀಟಿ, ತಂತಿ ಸದ್ದು ಹಿಡಿಯೋ ಸಿಂಗಲ್ ಕಾಯಿಲ್ ಪಿಕಪ್ ಎರಡು. ಖಾಲಿ ತಂತಿ ಟ್ಯೂನರ್‌ನಾಗ ಸರಿ ಬರ್ತದ, 12ನೇ ಫ್ರೆಟ್ (ಫಿಂಗರ್‌ಬೋರ್ಡ್ ಮ್ಯಾಲಿನ ಅಡ್ಡ ಲೋಹದ ಪಟ್ಟಿ) ಒತ್ತಿದ್ರ ಸ್ವರ ಏರ್ತದ. ದಪ್ಪ ಇ ತಂತಿದು ಭಾಳ. ಸ್ಯಾಡಲ್ (ಬ್ರಿಜ್ ಮ್ಯಾಲ ತಂತಿ ಕೂಡೋ, ಹಿಂದ ಮುಂದ ಸರಿಯೋ ತುಂಡು) ಪೂರ್ತಿ ಹಿಂದ ಇಟ್ಟು 648 ಅಳದು ಬ್ರಿಜ್ ಕೂಡ್ಸೀನಿ, ಇನ್ನ ಹಿಂದ ಸರಿಯಂಗಿಲ್ಲ. ಡಿಸೆಂಬರ್‌ನಾಗ ನುಣ್ಣಗಿದ್ದ ಫ್ರೆಟ್ ತುದಿ ಏಪ್ರಿಲ್‌ನಾಗ ಕೈಗೆ ಚುಚ್ಚತಾವ. ಮ್ಯಾಲ, ತಂತಿ ಮುಟ್ಟಿದ್ರ ಆಂಪ್ ಗುಂಯ್ ಅನ್ನೋದು ಇನ್ನಷ್ಟು ಜೋರಾಗ್ತದ. ಯಾವುದು ಮೊದಲ ಹಿಡೀಲಿ?

ಉತ್ತರ, ಬೀದರ್:
ಬ್ರಿಜ್ ಮುಟ್ಟೂಕಿಂತ ಮೊದಲ ಫ್ರೆಟ್ ಅಳೀರಿ. ನಟ್‌ನಿಂದ (ತಲೆ ಕಡೆ ತಂತಿ ಕೂಡೋ ಪಟ್ಟಿ) 1ನೇ ಫ್ರೆಟ್ 36.4 ಮಿ.ಮೀ., 12ನೇದು 324. ಒಂದು ಫ್ರೆಟ್‌ನಿಂದ ಇನ್ನೊಂದಕ್ಕ ಅಳಕೋತ ಹೋಗಿದ್ರ ಕೂದಲಷ್ಟು ತಪ್ಪು ಕೂಡಿ ಕೂಡಿ ಬೆಳೀತದ. ಎಲ್ಲಾ ಅಳತೀನೂ ನಟ್‌ನಿಂದಲೇ ಆಗ್ಬೇಕು. ಇದು ತಪ್ಪಿದ್ರ ಬ್ರಿಜ್ ಎಲ್ಲಿ ಕೂಡ್ಸಿದ್ರೂ ಅಷ್ಟೇ.

ಪ್ರಶ್ನೆ ಕೇಳಿದವರು:
ಅಳದೆ. 36.5, 324. ಸರಿ ಅದಾವ.

ಉತ್ತರ, ಬೀದರ್:
ಹಂಗಿದ್ರ ತಪ್ಪು ಬ್ರಿಜ್‌ದೇ. 648 ಅನ್ನೋದು ಫ್ರೆಟ್ ಕೊಯ್ಯೋ ಲೆಕ್ಕ. ಒತ್ತಿದಾಗ ತಂತಿ ಜಗ್ಗಿ ಸ್ವರ ಏರ್ತದ, ಅದಕ್ಕ ಉದ್ದ ಸ್ವಲ್ಪ ಜಾಸ್ತಿ ಕೊಡಬೇಕು. ತೆಳು ಇ ತಂತಿ ಸ್ಯಾಡಲ್ ಮುಂದ ತಂದು, ತಿರುಪು ಸ್ವಲ್ಪ ಉಳಿಸಿ, 648ಕ್ಕ ಹಿಡೀರಿ. ದಪ್ಪ ಇ ಅದಕ್ಕಿಂತ 3–4 ಮಿ.ಮೀ. ಹಿಂದ ನಿಲ್ತದ, ಆ ಜಾಗ ಉಳೀಬೇಕು. ಅದಕ್ಕ ಬ್ರಿಜ್ ಹಿಂದ ಸರಿಸಬೇಕು; ಅದರ ಹಳೇ ತೂತಿಗೆ ಸಾಗವಾನಿ ಗೂಟ ಬಡೀರಿ. ಸಾಗವಾನಿ ಎಣ್ಣಿ ಮರ. ಅಸಿಟೋನ್‌ನಿಂದ ಒರೆಸಿದ ಮ್ಯಾಲೇ ಅಂಟು ಹಚ್ಚರಿ, ಇಲ್ಲಂದ್ರ ಬಿಡ್ತದ. ಒಂದು ದಿನ ಬಿಟ್ಟು ಹೊಸ ತೂತು.

ಉತ್ತರ, ಯಾದಗಿರಿ:
ಫ್ರೆಟ್ ಬೆಳೆದಿಲ್ಲ, ಮರ ಕುಗ್ಯಾದ. ನಮ್ಮ ಬಿಸಿಲಿಗೆ ಹಲಗಿ ಅಡ್ಡಕ್ಕ ಸಣ್ಣಾಗ್ತದ, ಲೋಹ ಹಂಗೇ ಉಳೀತದ. ಈಗೇ ಅರ ಹಚ್ಚಬ್ಯಾಡ್ರಿ, ಮೇ ಕೊನೀಗೆ ಹಚ್ಚರಿ; ಅಷ್ಟರಾಗ ಕುಗ್ಗೋದೆಲ್ಲ ಕುಗ್ಗಿರ್ತದ. ಮರಕ್ಕ ಟೇಪ್ ಅಂಟಿಸಿ, ಅಂಚಿಗೆ ಸಮ ಆಗೋತನಕ ಅರದಿಂದ ತಿಕ್ಕಿ, ಆಮ್ಯಾಲ 400 ನಂಬರ್ ಪಾಲಿಶ್ ಪೇಪರ್.

ಮುಂದಿನ ಸಲ ಹಲಗಿ ತಂದ ಕೂಡಲೇ ಎರಡೂ ತುದಿಗೆ ಮೇಣ ಬಳದು ನೆರಳಿಗಿಡ್ರಿ. ವಾರಕ್ಕೊಮ್ಮೆ ಅಡುಗಿಮನಿ ತಕ್ಕಡಿಯೊಳಗ ತೂಕ ಬರ್ಕೋರಿ. ಮೂರು ವಾರ ಗ್ರಾಂ ಬದಲಾಗ್ಲಿಲ್ಲಂದ್ರ ಕೊಯ್ಯಾಕ ತಯಾರು. "ಒಣಗ್ಯಾದ" ಅಂತ ಸಾಮಿಲ್‌ನವರು ಹೇಳೋದನ್ನ ನಾನಂತೂ ಲೆಕ್ಕಕ್ಕ ಹಿಡಿಯಂಗಿಲ್ಲ.

ಇನ್ನೊಂದು ಉತ್ತರ, ಕಲಬುರಗಿ:
ಮುಟ್ಟಿದ್ರ ಗುಂಯ್ ಕಡಿಮಿ ಆಗಬೇಕಿತ್ತು. ಜೋರಾಗ್ತದ ಅಂದ್ರ ಗಿಟಾರ್‌ಗೆ ಕೇಬಲ್ ಚುಚ್ಚೋ ಜ್ಯಾಕ್‌ನಾಗ ಎರಡು ವೈರ್ ಅದಲುಬದಲು ಆಗಿರೋದೇ ಹೆಚ್ಚು. ಕೇಬಲ್ ಪ್ಲಗ್ಗಿನ ತುದಿ ಮುಟ್ಟೋ ಎಲೆಗೆ ವಾಲ್ಯೂಮ್ ಪಾಟ್ (ಸದ್ದು ಏರಿಳಿಸೋ ಗುಂಡಿ) ವೈರ್, ಹೊರಗಿನ ಬಳೆಗೆ ಗ್ರೌಂಡ್. ಜ್ಯಾಕಿನ ಬಳೆಗೂ ಬ್ರಿಜ್‌ಗೂ ಮಲ್ಟಿಮೀಟರ್ ಇಟ್ರ ಬೀಪ್ ಬರಬೇಕು. ಇದನ್ನ ಇವತ್ತೇ ನೋಡ್ರಿ, ಹತ್ತು ನಿಮಿಷದ ಕೆಲಸ.

ತಂತಿ ಮುಟ್ಟಿದಾಗ ಕೈಗೆ ಶಾಕ್ ಹೊಡ್ದಂಗ ಸಣ್ಣಗೆ ಜುಂ ಅಂದ್ರ ಮಾತ್ರ ಆಂಪ್ ಪ್ಲಗ್ ಕಿತ್ತು ಮನಿ ಅರ್ಥಿಂಗ್ ಎಲೆಕ್ಟ್ರಿಷಿಯನ್‌ಗೆ ತೋರಿಸ್ರಿ. ಬ್ಯಾಸಿಗ್ಯಾಗ ಅರ್ಥಿಂಗ್ ಗುಂಡಿ ಒಣಗಿರ್ತದ.